ಬೇಸ್‌ಮೆಂಟಿನಲ್ಲಿ ಬೆಳ್ಳಿ ಗಣಿ

“ನನ್ನ ಸಾಕ್ಸ್ ವೆಟ್ ಆಗಿದೆ,” ಎಂದಳು ಹಾದಿಯಾ.

“ಪೇಂಟ್ ಚೆಲ್ಲಿಕೊಂಡಿರ್ತೀಯ,” ಎಂದಳು ಮಂಜರಿ, ತಲೆ ಎತ್ತದೆ. ಅವಳು ಹಲ್ಲುಕಡ್ಡಿಯ ತುದಿಯನ್ನು ಬೆಳ್ಳಿ ಬಣ್ಣಕ್ಕೆ ಅದ್ದಿ, ಬಿಳಿ ಪಟ್ಟೆಯೊಂದರ ನಡುವೆ ಕೂದಲೆಳೆಯಂಥ ಗೆರೆ ಎಳೆಯುತ್ತಿದ್ದಳು. ಜೋರಾಗಿ ಉಸಿರು ಬಿಟ್ಟರೂ ಗೆರೆ ಸೊಟ್ಟಗಾಗುತ್ತಿತ್ತು.

“ನಮ್ ಪೇಂಟ್ ಬ್ಲೂ. ಇದಕ್ಕೆ ಕಲರೇ ಇಲ್ಲ. ನೋಡು.”

ನೋಡುವ ಮೊದಲೇ ಮಂಜರಿಯ ಮೊಣಕಾಲಿಗೆ ತಣ್ಣಗೆ ತಾಗಿತು. ಬೇಸ್‌ಮೆಂಟಿನ ಸಿಮೆಂಟು ನೆಲದ ಮೇಲೆ, ಮೂಲೆಯ ಕಡೆಯಿಂದ, ನೀರು ತೆಳ್ಳಗೆ ನಾಲಿಗೆ ಚಾಚಿಕೊಂಡು ಬರುತ್ತಿತ್ತು. ಅದು ಬರುತ್ತಿದ್ದದ್ದು ನೇರವಾಗಿ ಅವರ ಗಣಿಯ ಬುಡಕ್ಕೆ.

ಗಣಿ ಎಂದರೆ ರಟ್ಟಿನ ಗಣಿ. ನಾಲ್ಕನೇ ಕ್ಲಾಸಿನ ಗೆಳತಿಯರಿಬ್ಬರೂ ಸೇರಿ ಮೂರು ವಾರದಿಂದ ಕಟ್ಟಿದ್ದು. ಮಂಜರಿಯ ಭುಜದಷ್ಟು ಎತ್ತರ. ಮೇಲೆ ನೀಲಿ ಸರೋವರ, ಸರೋವರದ ನಡುವೆ ಅಂಗೈಯಷ್ಟು ಬಂಡೆ, ಬಂಡೆಯ ಮೇಲೆ ಪಂಪ್ ಮನೆ. ಪಕ್ಕದಿಂದ ನೋಡಿದರೆ ಕೇಕ್ ಕತ್ತರಿಸಿದ ಹಾಗೆ ನೆಲದೊಳಗೆಲ್ಲ ಕಾಣುತ್ತಿತ್ತು. ಬಂಡೆಯ ಕೆಳಗೆ ಬಾವಿಯಂತೆ ಇಳಿದ ದಾರಿ, ಅದಕ್ಕೆ ಅಂತಸ್ತು ಅಂತಸ್ತಾಗಿ ಸುರಂಗಗಳು, ಸುರಂಗದೊಳಗೆ ಗುದ್ದಲಿ ಹಿಡಿದ ಜೇಡಿಮಣ್ಣಿನ ಪುಟ್ಟ ಮನುಷ್ಯರು. ಮಿಶಿಗನ್ ಬಗ್ಗೆ ಕ್ಲಾಸಿನ ಪ್ರಾಜೆಕ್ಟ್; ಸೋಮವಾರ ಶಾಲೆಗೆ ಒಯ್ಯಬೇಕು. ಇವತ್ತು ಶನಿವಾರ.

“ಎತ್ತಿ ಚೇರ್ ಮೇಲೆ ಇಡೋಣ,” ಎಂದಳು ಹಾದಿಯಾ.

ಇಬ್ಬರೂ ಎರಡು ಕಡೆ ಹಿಡಿದು ಎತ್ತಲು ನೋಡಿದರು. ಹಿಂದಿನ ದಿನ ಬಳಿದ ಪ್ಲಾಸ್ಟರ್ ಇನ್ನೂ ಒಣಗಿರಲಿಲ್ಲ. ಒಳಗೆ ಎಲ್ಲೋ ಚರ್ ಎಂದು ರಟ್ಟು ಹರಿದ ಸದ್ದಾಯಿತು. ಇಬ್ಬರೂ ಕೈ ಬಿಟ್ಟರು.

“ಎತ್ತಿದ್ರೆ ಎರಡು ಪೀಸ್ ಆಗತ್ತೆ,” ಎಂದಳು ಮಂಜರಿ. ಅವಳ ದನಿ ಸಣ್ಣಗಾಗಿತ್ತು.

ಅದು ಎರಡು ಸಾವಿರದ ನಾಲ್ಕನೇ ಇಸವಿಯ ಮಾರ್ಚ್ ತಿಂಗಳು. ಅಮೆರಿಕದ ಮಿಶಿಗನ್ ರಾಜ್ಯದ ಪ್ಲಿಮತ್‌ನಲ್ಲಿ ವಾರದಿಂದ ಹಿಮ ಕರಗುತ್ತಿತ್ತು, ಮೇಲೆ ರಾತ್ರಿಯಿಂದ ಮಳೆ. ಅಲ್ಲಿಯ ಮನೆಗಳ ಬೇಸ್‌ಮೆಂಟಿನ ಮೂಲೆಯಲ್ಲಿ ಒಂದು ಗುಂಡಿ ಇರುತ್ತದೆ. ನೆಲದಡಿಯ ನೀರೆಲ್ಲ ಬಂದು ಅದರಲ್ಲಿ ನಿಲ್ಲುತ್ತದೆ. ಗುಂಡಿ ತುಂಬುತ್ತಿದ್ದಂತೆ ಅದರೊಳಗಿನ ಪಂಪ್ ತಾನಾಗಿಯೇ ಓಡಿ ನೀರನ್ನು ಆಚೆ ಎಸೆಯುತ್ತದೆ. ಆ ಗುರ್ ಸದ್ದು ಕೇಳಿ ಕೇಳಿ ಮಂಜರಿಗೆ ಅದು ಕಿವಿಗೇ ಬೀಳುತ್ತಿರಲಿಲ್ಲ. ಈಗ ನಿಂತು ಕೇಳಿದಳು. ಸದ್ದು ಇರಲಿಲ್ಲ.

“ಅಜ್ಜೀ,” ಎಂದು ಮೆಟ್ಟಿಲ ಕಡೆಗೆ ಕೂಗಿದಳು.

ಅಪ್ಪ ಗಿರೀಶ, ಅಮ್ಮ ಶಾರದ ಇಬ್ಬರೂ ಇಲಿನಾಯ್‌ನ ಪ್ಲೇನ್‌ಫೀಲ್ಡ್‌ನಲ್ಲಿ ಗೆಳೆಯರ ಗೃಹಪ್ರವೇಶಕ್ಕೆ ಹೋಗಿದ್ದರು. ಬರುವುದು ನಾಳೆ. ಮನೆಯಲ್ಲಿದ್ದ ದೊಡ್ಡವರು ಎಂದರೆ ಅಮ್ಮನ ಅಮ್ಮ ದೇವಮ್ಮಜ್ಜಿ ಒಬ್ಬರೇ. ಮಳವಳ್ಳಿ ಕಡೆಯ ಊರಿಂದ ಬಂದು ಐದು ತಿಂಗಳಾಗಿತ್ತು. ಅಳಿಯನ ಮನೆ ಎಂದು ಅಜ್ಜಿಗೆ ಇನ್ನೂ ಸಂಕೋಚ. ಗಿರೀಶ ಸೋಫಾದಲ್ಲಿ ಕೂತರೆ ಇವರು ಅಡುಗೆಮನೆಗೆ ಎದ್ದು ಹೋಗುವರು. ಅಳಿಯನಿಗೆ ಏನಾದರೂ ಹೇಳಬೇಕಾದರೆ, “ನಿನ್ ಯಜಮಾನ್ರಿಗೆ ಹೇಳವ್ವ,” ಎಂದು ಮಗಳ ಕೈಲಿ ಹೇಳಿಸುವರು. ಮೈಕ್ರೋವೇವ್ ಮುಟ್ಟಬೇಕಾದರೂ ಕೇಳಿಯೇ ಮುಟ್ಟುವರು.

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಇಳಿದು ಬಂದು ನೀರು ನೋಡಿದರು. “ಎಲ್ಲಿಂದ ಬತ್ತದೆ ಇದು?”

“ಪಂಪ್ ಓಡ್ತಿಲ್ಲ ಅಜ್ಜಿ.”

ಹಾದಿಯಾ ಆಗಲೇ ಮೇಲೆ ಓಡಿ ತನ್ನ ಅಪ್ಪನಿಗೆ ಫೋನ್ ಮಾಡಿದ್ದಳು. ತಿಪಟೂರಿನ ಶಾಕಿರ್ ಅಂಕಲ್‌ಗೆ ಪಕ್ಕದ ಊರು ಕ್ಯಾಂಟನ್‌ನಲ್ಲಿ ದಿನಸಿ ಅಂಗಡಿ. ಹಾದಿಯಾ ಫೋನನ್ನು ಕೆಳಗೆ ತಂದು ಮಂಜರಿಯ ಕಿವಿಗೆ ಹಿಡಿದಳು.

“ಮೊದ್ಲು ಎಲ್ಲರೂ ನೀರಿಂದ ಆಚೆ ಬನ್ನಿ,” ಎಂದರು ಅವರು. “ಗರಾಜಲ್ಲಿ ಕರೆಂಟಿನ ಬ್ರೇಕರ್ ಬಾಕ್ಸ್ ಇದ್ಯಲ್ಲ, ಅದರಲ್ಲಿ ಸಂಪ್ ಪಂಪ್ ಅಂತ ಬರೆದಿರೋ ಸ್ವಿಚ್ ಆಫ್ ಮಾಡು. ಅಜ್ಜಿ ಜೊತೇಲಿ ಹೋಗು. ಆಮೇಲೆ ಬೇಕಾದ್ರೆ ಬಕೆಟ್‌ನಲ್ಲಿ ನೀರು ತೆಗೀರಿ. ಪಂಪ್‌ಗೆ ಮಾತ್ರ ಕೈ ಹಾಕ್ಬೇಡಿ. ಅಂಗಡಿಗೆ ಯಾರನ್ನಾದ್ರೂ ಕೂರಿಸಿ ಬರ್ತೀನಿ. ಸ್ವಲ್ಪ ಹೊತ್ತಾಗತ್ತೆ.”

ಸ್ವಿಚ್ ಆಫ್ ಮಾಡಿ ಬಂದರು. ಅಜ್ಜಿ ಗುಂಡಿಯ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತು, ಮುಚ್ಚಳ ಸರಿಸಿ, ಹಿಡಿ ಇರುವ ಸಾರಿನ ಪಾತ್ರೆಯಲ್ಲಿ ನೀರು ಮೊಗೆದು ಬಕೆಟ್ಟಿಗೆ ಸುರಿಯತೊಡಗಿದರು. ತುಂಬಿದ ಬಕೆಟ್ಟನ್ನು ಹುಡುಗಿಯರು ಒಬ್ಬರಾದ ಮೇಲೆ ಒಬ್ಬರು ಹೊತ್ತು, ವಾಷಿಂಗ್ ಮೆಷಿನ್ ಪಕ್ಕದ ಸಿಂಕಿಗೆ ಹಾಕಿ ಬರುವುದು. ಹೀಗೆ ಕೆಲಸ ಸಾಗಿತು.

ಮೊದಲ ಹತ್ತು ಬಕೆಟ್ ಆಟದಂತಿತ್ತು. ಹಾದಿಯಾ ಪ್ರತಿ ಸಲವೂ, “ಡೆಲಿವರಿ,” ಎಂದು ಕೂಗಿ ಸುರಿಯುತ್ತಿದ್ದಳು. ಆಮೇಲೆ ಕೂಗು ನಿಂತಿತು. ಆಮೇಲೆ ಮಾತೂ ನಿಂತಿತು. ನೀರು ಗಣಿಯ ಬುಡದಿಂದ ಒಂದು ಗೇಣು ಹಿಂದೆ ಸರಿದಿತ್ತು, ಅಷ್ಟೇ. ಒಂದು ನಿಮಿಷ ತಡೆದರೆ ಮತ್ತೆ ಮುಂದೆ ಬರುತ್ತಿತ್ತು.

ಗುಂಡಿಯ ನೀರು ಒಂದಿಷ್ಟು ಇಳಿದಾಗ ಮಂಜರಿ ಬಗ್ಗಿ ನೋಡಿದಳು. ಪಂಪಿನ ಸೊಂಟಕ್ಕೆ ಏನೋ ಸುತ್ತಿಕೊಂಡಿತ್ತು. ಗಿಳಿಹಸಿರು ಬಟ್ಟೆ. ಅದರ ಅಂಚಿಗೆ ಅರಿಶಿನ. ಪಕ್ಕದಲ್ಲಿ ಬಾಡಿದ ಒಂದು ಸೇವಂತಿಗೆ ತೇಲುತ್ತಿತ್ತು.

ಮಂಜರಿಗೆ ಗುರುವಾರದ ಸಂಜೆ ನೆನಪಾಯಿತು. ಅಜ್ಜಿಗೆ ಗಣಿ ತೋರಿಸುತ್ತ ಅವಳೇ ಈ ಮುಚ್ಚಳ ತೆಗೆದು, “ನೋಡು ಅಜ್ಜಿ, ನಮ್ಮ ಮನೆ ಕೆಳಗೂ ನೀರಿದೆ. ಗಣೀಲೂ ಹೀಗೇ ಪಂಪ್ ಮಾಡ್ತಿದ್ರು,” ಎಂದಿದ್ದಳು. ಅಜ್ಜಿ ಬಹಳ ಹೊತ್ತು ಆ ಕಪ್ಪು ನೀರು ನೋಡಿ, “ನೀರು ತಾನಾಗೇ ಮನೆ ಹುಡೀಕಂಡ್ ಬಂದದೆ. ಒಂದು ಕೈಯೂ ಮುಗೀದೆ ಆಚೆಗ್ ಎಸೆಯೋದಾ?” ಎಂದಿದ್ದರು. ಮಂಜರಿ ನಕ್ಕಿದ್ದಳು. ಅಜ್ಜಿ ನಕ್ಕಿರಲಿಲ್ಲ.

“ಅಜ್ಜಿ, ನೀನು ಇದಕ್ಕೆ ಪೂಜೆ ಮಾಡಿದ್ಯಾ?”

ಅಜ್ಜಿಯ ಕೈ ನಿಂತಿತು. “ನಿನ್ನೆ ಶುಕ್ರವಾರ ಅಲ್ವಾ ಮಗ. ಅರಿಶಿನ ಕುಂಕುಮ ಹಾಕಿ, ಹೂ ಬುಟ್ಟು, ಒಂದು ರವಿಕೆ ಕಣ ಬುಟ್ಟೆ. ಗಂಗಮ್ಮನಿಗೆ ಹಂಗೇ ಮಾಡೋದು.”

“ಇದು ಗಂಗಮ್ಮ ಅಲ್ಲ. ಮೆಷಿನ್ ಅಜ್ಜಿ. ಬಟ್ಟೆ ಹಾಕಿದ್ರೆ ಜಾಮ್ ಆಗತ್ತೆ. ಯಾರನ್ನಾದ್ರೂ ಕೇಳ್ಬಾರ್ದಾ? ಯು ರೂಯಿನ್ಡ್ ಎವೆರಿಥಿಂಗ್.”

ಅಜ್ಜಿಗೆ ಇಂಗ್ಲಿಷ್ ಬಾರದು. ಆದರೆ ಆ ಕೊನೆಯ ಮಾತಿಗೆ ಅರ್ಥ ಹೇಳುವವರು ಬೇಕಿರಲಿಲ್ಲ. ಅವರು ಬಟ್ಟೆಯನ್ನು ನೋಡಿದರು, ಮಂಜರಿಯನ್ನು ನೋಡಿದರು, ಪಾತ್ರೆಯನ್ನು ಮತ್ತೆ ನೀರಿಗೆ ಅದ್ದಿದರು.

ಹಾದಿಯಾ ಸಿಂಕಿನ ಹತ್ತಿರವೇ ನಿಂತುಬಿಟ್ಟಳು. ಬೇರೆಯವರ ಮನೆಯ ಜಗಳ ಕಣ್ಣೆದುರೇ ನಡೆದರೆ ಎಲ್ಲಿ ನೋಡಬೇಕು ಎಂದು ಯಾರಿಗೂ ತಿಳಿಯುವುದಿಲ್ಲ. ಅವಳು ನಲ್ಲಿ ನೋಡುತ್ತ ನಿಂತಳು.

ಮೊಗೆಯುವುದು ನಡೆಯಿತು. ಮಂಜರಿ ಸಿಟ್ಟಿನಲ್ಲಿ ಬಕೆಟ್ಟನ್ನು ತುಂಬಾ ತುಂಬಿಸಿಕೊಂಡು ಹೋಗಿ ದಾರಿಯಲ್ಲೆಲ್ಲ ಚೆಲ್ಲಿದಳು. ಕೈ ಬೆರಳು ಕೆಂಪಗಾಗಿ ಬಕೆಟ್ಟಿನ ತಂತಿಯ ಗುರುತು ಮೂಡಿತು.

“ಮುಕ್ಕಾಲು ಸಾಕು ಮಗ,” ಎಂದರು ಅಜ್ಜಿ ಮೆಲ್ಲಗೆ. “ಚೆಲ್ಲಿದ್ರೆ ಎರಡು ಕೆಲಸ.”

ಮಂಜರಿ ಸಿಂಕಿನ ಕಡೆಗೆ ದಡದಡ ನಡೆದಳು. ಆದರೆ ಮುಂದಿನ ಸಲ ಮುಕ್ಕಾಲೇ ತುಂಬಿಸಿಕೊಂಡಳು.

ಇನ್ನಷ್ಟು ಬಕೆಟ್ ಹೋದ ಮೇಲೆ ಅಜ್ಜಿ ಕೇಳಿದರು. “ಆ ನಿನ್ನ ಗಣೀಲಿ ಸರೋವರನ ಹೆಂಗ್ ತಡ್ದಿದ್ರು?”

ಹೇಳಬಾರದು ಎಂದುಕೊಂಡಿದ್ದಳು ಮಂಜರಿ. ಆದರೆ ಆ ಕತೆ ಯಾರಾದರೂ ಕೇಳಿದರೆ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ.

“ಅದು ಸುಪೀರಿಯರ್ ಸರೋವರ ಅಜ್ಜಿ. ಸಮುದ್ರದ ತರ. ಆಚೆ ದಡ ಕಾಣಲ್ಲ. ಕೆನಡಾ ಕಡೆ ದಡದಿಂದ ಒಂದು ಮೈಲಿ ಆಚೆ ಒಂದೇ ಒಂದು ಬಂಡೆ ಇತ್ತು. ನಮ್ ಸ್ಕೂಲ್ ಜಿಮ್ ಒಳಗೆ ಹಿಡಿಯತ್ತೆ, ಅಷ್ಟು ಚಿಕ್ಕದು. ಅದರಲ್ಲಿ ಬೆಳ್ಳಿ ಸಿಕ್ತು.”

“ಬಂಡೇಲಿ ಬೆಳ್ಳಿ ಹೆಂಗ್ ಬಂತು?”

“ನೂರು ಕೋಟಿ ವರ್ಷಕ್ಕೂ ಹಿಂದೆ ನೆಲ ಬಿರುಕು ಬಿಡ್ತು. ಕೆಳಗಿಂದ ಕರಗಿದ ಕಲ್ಲು ಬಂದು ಬಿರುಕಲ್ಲಿ ತುಂಬ್ಕೊಂಡು ಗಟ್ಟಿ ಆಯ್ತು. ಅದು ಕಪ್ಪು ಗೋಡೆ. ಆಮೇಲೆ ಮತ್ತೆ ಬಿರುಕು. ಈ ಸಲ ಬಂದಿದ್ದು ಬಿಸಿನೀರು. ಅದು ಹೋಗ್ತಾ ಹೋಗ್ತಾ ಬಿಳಿ ಹರಳು ಬಿಟ್ಟು ಹೋಯ್ತು. ಆ ಹರಳೊಳಗೆ ಬೆಳ್ಳಿ. ದಾರದ ತರ, ಬೇರಿನ ತರ. ಬಿಳಿ ಪಟ್ಟೆ ಕಪ್ಪು ಗೋಡೇನ ದಾಟೋ ಜಾಗದಲ್ಲಿ ಮಾತ್ರ ಜಾಸ್ತಿ ಬೆಳ್ಳಿ.”

“ನೀರೇ ತಂದು ಮಡಗಿದ್ದು ಅನ್ನು,” ಎಂದರು ಅಜ್ಜಿ.

ಮಂಜರಿ ಬಕೆಟ್ ಹಿಡಿದು ಅರೆಗಳಿಗೆ ನಿಂತಳು. ಪುಸ್ತಕದಲ್ಲಿ ಇದ್ದದ್ದೂ ಅದೇ. ಆದರೆ ಅವಳಿಗೆ ಅದು ಹಾಗೆ ಹೊಳೆದಿರಲಿಲ್ಲ.

ಹಾದಿಯಾ ಈಗ ಮಾತಿಗೆ ಸೇರಿದಳು. “ಅಜ್ಜಿ, ಫಸ್ಟ್ ಅವರು ಐಸ್ ತರ ಇರೋ ನೀರಲ್ಲಿ ನಿಂತ್ಕೊಂಡು ರಾಡ್‌ನಲ್ಲಿ ಮೀಟಿ ಮೀಟಿ ತೆಗೆದ್ರಂತೆ. ಆಮೇಲೆ ಮಿಶಿಗನ್ನಿಂದ ಒಬ್ಬ ಕ್ಯಾಪ್ಟನ್ ಹೋದ. ದೊಡ್ಡ ದೊಡ್ಡ ಮರದ ಪೆಟ್ಟಿಗೆ ಮಾಡಿ, ಕಲ್ಲು ತುಂಬಿಸಿ, ಬಂಡೆ ಸುತ್ತ ಗೋಡೆ ಕಟ್ಟಿಸಿದ.”

“ಗಾಳಿ ಮಳೆಗೆ ತಡೀತಾ?”

“ಇಲ್ಲ,” ಎಂದಳು ಮಂಜರಿ. “ಬಿರುಗಾಳಿ ಬಂದು ಎತ್ಕೊಂಡ್ ಹೋಯ್ತು. ಅವರು ಮತ್ತೆ ಕಟ್ಟಿದ್ರು. ಮತ್ತೆ ಹೋಯ್ತು. ಮತ್ತೆ ಕಟ್ಟಿದ್ರು. ಕಟ್ಟಿ ಕಟ್ಟಿ ಆ ಬಂಡೆ ಮೊದಲಿಗಿಂತ ಹತ್ತು ಪಟ್ಟು ದೊಡ್ಡದಾಯ್ತು.”

“ಭಲಾ,” ಎಂದರು ಅಜ್ಜಿ. ಮೊಗೆಯುವುದನ್ನು ನಿಲ್ಲಿಸದೆಯೇ ತಲೆದೂಗಿದರು. “ನೋಡಬೇಕಿತ್ತು ಅಂಥ ಜನಗಳ್ನ.”

“ಕೆಳಗೆ ಸಾವಿರದ ಇನ್ನೂರು ಅಡಿ ತನಕ ಇಳಿದ್ರು ಅಜ್ಜಿ. ಸುತ್ತ ಎಲ್ಲಾ ಸರೋವರ, ನಡುವೆ ಇವರು. ಆ ಬೆಳ್ಳಿ ಕಲ್ಲೆಲ್ಲ ಹಡಗಲ್ಲಿ ಇಲ್ಲಿಗೇ ಬಂತು. ಕರಗಿಸಿದ್ದು ವಾಯನ್‌ಡಾಟ್‌ನಲ್ಲಿ. ಇಲ್ಲಿಂದ ಅರ್ಧ ಗಂಟೆ ಡ್ರೈವ್. ನಮ್ ಕ್ಲಾಸಲ್ಲಿ ಟೈಲರ್ ಅಂತಿದಾನೆ. ಅದು ಕೆನಡಾ, ನಿಮ್ಮದು ಮಿಶಿಗನ್ ಪ್ರಾಜೆಕ್ಟೇ ಅಲ್ಲ ಅಂದ.”

“ನಾನು, ನಿಂದು ಬರೀ ಕಾರು, ಎಲ್ಲರೂ ಕಾರೇ ಮಾಡ್ತಿದಾರೆ ಅಂದೆ,” ಎಂದಳು ಹಾದಿಯಾ.

ಅಜ್ಜಿ ನಕ್ಕರು. ಮಂಜರಿಗೂ ನಗು ಬಂತು. ಬಂದ ಮೇಲೆ, ತಾನು ಸಿಟ್ಟಿನಲ್ಲಿದ್ದೆ ಎಂದು ನೆನಪಾಯಿತು. ಸಿಟ್ಟನ್ನು ಹುಡುಕಿದಳು. ಅದು ಎಲ್ಲೋ ಬಕೆಟ್ಟಿನ ಜೊತೆ ಹೋಗಿಬಿಟ್ಟಿತ್ತು. ಕೈ ನೋವು ಮಾತ್ರ ಉಳಿದಿತ್ತು.

ಅಜ್ಜಿಯ ಕಡೆ ನೋಡಿದಳು. ಕೂತಾಗಿನಿಂದ ಅವರು ಒಮ್ಮೆಯೂ ಎದ್ದಿರಲಿಲ್ಲ. ಸೀರೆ ಮೊಣಕಾಲಿನ ತನಕ ತೊಯ್ದಿತ್ತು. ಅದ್ದು, ಎತ್ತು, ಸುರಿ. ಅದ್ದು, ಎತ್ತು, ಸುರಿ. ಅವಸರವೂ ಇಲ್ಲ, ತಡವೂ ಇಲ್ಲ. ನೀರು ಗಣಿಯ ಬುಡದಿಂದ ಎರಡು ಗೇಣು ಆಚೆ, ಮುಂದೆಯೂ ಬಾರದೆ, ಹಿಂದೆಯೂ ಹೋಗದೆ ನಿಂತಿತ್ತು. ಅದನ್ನು ಅಲ್ಲಿ ನಿಲ್ಲಿಸಿದ್ದು ಆ ಕೈ.

ಶಾಕಿರ್ ಅಂಕಲ್ ಬಂದಾಗ ಕಿಟಕಿಯ ಬೆಳಕು ಮಂಕಾಗಿತ್ತು. ಕೈಯಲ್ಲಿ ಟೂಲ್ ಬಾಕ್ಸ್, ಕಾಲಿಗೆ ರಬ್ಬರ್ ಬೂಟು. ಬ್ರೇಕರ್ ಆಫ್ ಆಗಿದೆಯೇ ಎಂದು ತಾವೇ ಒಮ್ಮೆ ಹೋಗಿ ನೋಡಿ ಬಂದರು.

“ಅಮ್ಮ, ನೀವು ಏಳಿ, ಸಾಕು. ಇಷ್ಟು ಹೊತ್ತು ನೀವೇ ಮೊಗೆದ್ರಾ?”

“ಹೊತ್ತೋರು ಮಕ್ಕಳು ಕಣಪ್ಪ.”

ಅಂಕಲ್ ಪಂಪನ್ನು ಮೇಲೆತ್ತಿ, ಸುತ್ತಿಕೊಂಡ ಬಟ್ಟೆಯನ್ನು ಒಂದೊಂದೇ ಸುತ್ತಾಗಿ ಬಿಡಿಸಿದರು. “ಅರೆ, ರವಿಕೆ ಪೀಸು. ಇದು ಇದರೊಳಗೆ ಹೇಗೆ ಬಂತು?”

ಅಜ್ಜಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಮಂಜರಿ ಅವರ ಮುಖ ನೋಡಿದಳು. ಮೈಕ್ರೋವೇವ್ ಮುಟ್ಟುವ ಮುಂಚೆ ಇರುತ್ತಿದ್ದ ಮುಖ.

“ಲಾಂಡ್ರಿಯಿಂದ ಬಿದ್ದಿರ್ಬೇಕು ಅಂಕಲ್,” ಎಂದಳು ಮಂಜರಿ ಬೇಗ ಬೇಗ. “ಮುಚ್ಚಳ ತೆಗೆದಿತ್ತು. ನಾನೇ ತೆಗೆದಿದ್ದು.”

“ಇಲ್ಲ ಕಣಪ್ಪ,” ಎಂದರು ಅಜ್ಜಿ. “ಮಗ ಸುಮ್ಕೆ ಹೇಳ್ತದೆ. ಗಂಗಮ್ಮ ಅಂತ ನಾನೇ ಬುಟ್ಟಿದ್ದು. ಮಿಷನ್ನು ಒಳಗೆ ತಿರುಗ್ತದೆ ಅಂತ ಗೊತ್ತಾಗ್ನಿಲ್ಲ.”

ಶಾಕಿರ್ ಅಂಕಲ್ ನಗಲಿಲ್ಲ. ಬಟ್ಟೆಯನ್ನು ಹಿಂಡಿ, ಮಡಿಸಿ, ಅಜ್ಜಿಯ ಕೈಗೆ ಕೊಟ್ಟರು. “ನೀರಿಗೆ ಮರ್ಯಾದೆ ಕೊಟ್ಟಿದ್ದೀರಿ ಅಮ್ಮ. ಅದರಲ್ಲಿ ತಪ್ಪೇನಿಲ್ಲ. ಮುಂದಿನ ಸಲ ಮುಚ್ಚಳದ ಮೇಲೆ ಇಡಿ.”

ಅವರು ಪಂಪನ್ನು ಮತ್ತೆ ಗುಂಡಿಗೆ ಇಳಿಸಿ, ಮೇಲೆ ಹೋಗಿ ಸ್ವಿಚ್ ಹಾಕಿದರು. ಪಂಪ್ ಒಮ್ಮೆ ಕೆಮ್ಮಿತು. ಆಮೇಲೆ ಗುರ್ ಎಂದು ಓಡತೊಡಗಿತು. ನೆಲದ ಮೇಲಿನ ನೀರು ನಿಧಾನವಾಗಿ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿತು. ಹುಡುಗಿಯರಿಬ್ಬರೂ ಬಗ್ಗಿ ಗಣಿಯ ಬುಡ ನೋಡಿದರು. ಮೊದಲು ತಾಗಿದ ನೀರಿಗೆ ಬಣ್ಣ ಒಂದು ಬೆರಳಿನಷ್ಟು ಕದಡಿತ್ತು. ರಟ್ಟು ಗಟ್ಟಿಯಾಗಿತ್ತು.

ಸ್ವಲ್ಪ ಹೊತ್ತಿಗೆ ಪ್ಲೇನ್‌ಫೀಲ್ಡ್‌ನಿಂದ ಅಪ್ಪನ ಫೋನ್ ಬಂತು. ಮಂಜರಿ, “ಅಪ್ಪ, ಬೇಸ್‌ಮೆಂಟಲ್ಲಿ ನೀರು ಬಂದಿತ್ತು,” ಎನ್ನುವಷ್ಟರಲ್ಲಿ ಅಜ್ಜಿ ಕೈ ಚಾಚಿದರು. ಮಂಜರಿ ನಂಬಲಾರದೆ ಫೋನ್ ಕೊಟ್ಟಳು. ಐದು ತಿಂಗಳಲ್ಲಿ ಅಜ್ಜಿ ಅಪ್ಪನ ಜೊತೆ ನೇರವಾಗಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

“ನಾನು ಕಣಪ್ಪ, ದೇವಮ್ಮ,” ಎಂದರು ಅಜ್ಜಿ. ತಲೆಯ ಮೇಲೆ ಸೆರಗು ಎಳೆದುಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಆಮೇಲೆ ಕೇಳಿಸಿಕೊಂಡರು. “ಹೂಂ. ಹೂಂ. ಊಟ ಆಯ್ತು. ಇಲ್ಲ, ನೋವೇನಿಲ್ಲ.” ಫೋನ್ ಹಿಂದಕ್ಕೆ ಕೊಡುವಾಗ ಅವರ ಮುಖ ಸಡಿಲವಾಗಿತ್ತು.

“ಅಪ್ಪ ಏನಂದ್ರು?”

“ಬೆನ್ನು ಹಿಡ್ಕತ್ತದೆ, ಬಿಸಿನೀರು ಕಾಯ್ಸಿ ಹುಯ್ಕಳಿ ಅಂದ್ರು.”

ಶಾಕಿರ್ ಅಂಕಲ್‌ಗೆ ಕಾಫಿ ಕೊಟ್ಟದ್ದಾಯಿತು. ಅವರು ಮೇಲೆ ಕುಡಿಯುತ್ತಿದ್ದಾಗ ಹುಡುಗಿಯರು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತು ಬ್ರೆಡ್ ತಿನ್ನುತ್ತಿದ್ದರು. ಅಜ್ಜಿ ಒಣ ಸೀರೆ ಉಟ್ಟು ಬಂದು ಅವರ ಹಿಂದಿನ ಮೆಟ್ಟಿಲಲ್ಲಿ ಕೂತರು.

“ಆಮೇಲೆ ಏನಾಯ್ತು ಆ ಗಣಿ?”

“ಮುಳುಗೋಯ್ತು,” ಎಂದಳು ಮಂಜರಿ. “ಚಳಿಗಾಲಕ್ಕೆ ಕಲ್ಲಿದ್ದಲು ತರಬೇಕಿದ್ದ ಹಡಗು ಬರ್ಲೇ ಇಲ್ಲ. ಐಸ್ ಕಟ್ಕೊಂಡ್ಬಿಡ್ತು. ಇದ್ದ ಕಲ್ಲಿದ್ದಲು ಮುಗೀತು, ಪಂಪ್ ನಿಂತೋಯ್ತು. ಸರೋವರ ಒಳಗೆ ಬಂತು. ಈಗಲೂ ನೀರೇ ಇದೆ.”

ಇಷ್ಟನ್ನು ಅವಳು ಎಷ್ಟೋ ಸಲ ಹೇಳಿ ಅಭ್ಯಾಸ ಮಾಡಿದ್ದಳು. ಸೋಮವಾರ ಹೇಳಬೇಕಿದ್ದ ಕೊನೆಯ ಮಾತೂ ಅದೇ.

ಅಜ್ಜಿ ಮೊಣಕೈ ಉಜ್ಜಿಕೊಳ್ಳುತ್ತಿದ್ದರು.

“ಪಂಪ್ ತಾವ ಒಬ್ಬ ಇದ್ನಲ್ಲ,” ಎಂದರು ಆಮೇಲೆ. “ದಿನಾ ನಡೆಸ್ತಿದ್ದೋನು. ಅವತ್ತು ಅದು ನಿಂತಾಗ ಅವನಿಗೆ ಹೆಂಗಾಗಿರಬೇಡ.”

ಮಂಜರಿ ಬ್ರೆಡ್ ಅಗಿಯುವುದನ್ನು ನಿಲ್ಲಿಸಿದಳು.

ಅವಳು ಎದ್ದು ಗಣಿಯ ಮುಂದೆ ಹೋಗಿ ಕೂತಳು. ಬೆಳ್ಳಿಯ ಗೆರೆಗಳು ಮಿನುಗುತ್ತಿದ್ದವು. ಸುರಂಗ ಸುರಂಗದಲ್ಲೂ ಗುದ್ದಲಿ ಎತ್ತಿದ ಮನುಷ್ಯರು. ಬಂಡೆಯ ಮೇಲೆ ಕ್ಯಾಪ್ಟನ್, ಅವನಿಗೆ ಟೋಪಿ ಕೂಡ ಇತ್ತು. ಪಂಪ್ ಮನೆ ಇತ್ತು, ಅದರ ಹೊಗೆ ಕೊಳವೆ ಇತ್ತು. ಒಳಗೆ ಯಾರೂ ಇರಲಿಲ್ಲ.

ಉಳಿದ ಜೇಡಿಮಣ್ಣು ಅರ್ಧ ಒಣಗಿತ್ತು. ನೋಯುವ ಕೈಯಿಂದ ಅದನ್ನು ನೀರು ಹಚ್ಚಿ ನಾದಿದಳು. ತಲೆ ಮಾಡಿದಳು, ಮೈ ಮಾಡಿದಳು, ಕಾಲು ಮಡಿಸಿ ಕೂರಿಸಿದಳು. ತಲೆಯನ್ನು ಒಂದು ಕಡೆಗೆ ಸ್ವಲ್ಪ ವಾಲಿಸಿ, ಪಂಪ್ ಮನೆಯ ಬಾಗಿಲು ಬಿಡಿಸಿ ಒಳಗಿಟ್ಟಳು.

ಹಾದಿಯಾ ಬಂದು ಬಗ್ಗಿ ನೋಡಿದಳು. “ಇವನ ಕೈಲಿ ಏನೂ ಇಲ್ಲ. ಗುದ್ದಲಿ ಕೊಡಲ್ವಾ?”

“ಬೇಡ.”

“ಮತ್ತೆ ಏನ್ ಮಾಡ್ತಿದಾನೆ?”

“ಪಂಪ್ ಸದ್ದು ಕೇಳಿಸ್ಕೊಳ್ತಿದಾನೆ,” ಎಂದಳು ಮಂಜರಿ.